ಇಲಿ ಜ್ವರ: ಮಳೆಗಾಲದಲ್ಲಿ ಗದ್ದೆ-ತೋಟಕ್ಕೆ ಇಳಿಯೋರು ಹೆಂಗೆ ಹುಷಾರಾಗಿರ್ಬೇಕು, ಜ್ವರ ಬಂದ್ರೆ ಎಂತ ಮಾಡ್ಬೇಕು

ಪುನರ್ವಸು ಮಳೆ ಹಿಡಿತು ಅಂದ್ರೆ ನಮ್ಮ ಕಡೆ ಕೆಲಸ ಎಲ್ಲ ನೀರಲ್ಲೇ. ಸಸಿ ಕೀಳೋದು, ನೆಟ್ಟಿ, ತೋಟದ ಬಸಿಗಾಲುವೆ ಬಿಡಿಸೋದು, ಕೊಟ್ಟಿಗೆ ಬಳಿಯೋದು, ಸಂಜೆಯಾದ್ರೆ ಹುಡುಗ್ರು ಮೀನು ಏಡಿ ಅಂತ ಹಳ್ಳಕ್ಕೆ ಇಳಿಯೋದು. ಇಲಿ ಜ್ವರ ಶುರುವಾಗೋದೂ ಇದೇ ಟೈಮಲ್ಲಿ. ನಾನು ತಾಲೂಕಿನ ಒಂದು ಲ್ಯಾಬಲ್ಲಿ ರಕ್ತ ತೆಗೆದು ಟೆಸ್ಟ್ ಮಾಡೋ ಕೆಲಸದಲ್ಲಿದೀನಿ, ಪ್ರತಿ ಮಳೆಗಾಲ ನೋಡ್ತೀನಿ, ಬೇಗ ಬಂದೋರು ವಾರದಲ್ಲಿ ಹುಷಾರಾಗಿ ಮತ್ತೆ ತೋಟಕ್ಕೆ ಹೋಗ್ತಾರೆ, ಜ್ವರ ಇವತ್ತು ಬಿಡುತ್ತೆ ನಾಳೆ ಬಿಡುತ್ತೆ ಅಂತ ಮಾತ್ರೆ ನುಂಗ್ತಾ ಕೂತೋರು ಕಣ್ಣು ಹಳದಿಯಾಗಿ ಉಚ್ಚೆ ಕಮ್ಮಿಯಾಗಿ ಶಿವಮೊಗ್ಗಕ್ಕೆ ಆಂಬುಲೆನ್ಸಲ್ಲಿ ಹೋಗ್ತಾರೆ. ಇಬ್ಬರ ನಡುವೆ ವ್ಯತ್ಯಾಸ ಇರೋದು ಬರೀ ಮೂರ್ನಾಲ್ಕು ದಿನದ್ದು. ಆ ಮೂರ್ನಾಲ್ಕು ದಿನ ಯಾರೂ ಕಳ್ಕೊಳ್ಬಾರ್ದು ಅಂತಲೇ ಇದನ್ನ ಬರೀತಿರೋದು.

ಮೊದ್ಲು ಈ ರೋಗಾಣು ಮೈಯೊಳಗೆ ಹೋಗಿ ಎಂತ ಮಾಡುತ್ತೆ ಅಂತ ತಿಳ್ಕೊಳ್ಳಿ, ಅದು ಗೊತ್ತಾದ್ರೆ ಮುಂದೆ ಹೇಳೋ ಒಂದೊಂದು ಎಚ್ಚರಿಕೆನೂ ಯಾಕೆ ಅಂತ ತಾನಾಗೇ ಅರ್ಥ ಆಗುತ್ತೆ. ಇದರ ಹೆಸರು ಲೆಪ್ಟೋಸ್ಪೈರಾ, ಇದು ಬ್ಯಾಕ್ಟೀರಿಯಾ, ವೈರಸ್ ಅಲ್ಲ. ಬ್ಯಾಕ್ಟೀರಿಯಾ ಅಂದ ಕೂಡ್ಲೆ ಎಲ್ಲಾ ಕೆಟ್ಟದ್ದು ಅಂತ ತಿಳ್ಕೋಬೇಡಿ, ಹಾಲು ಮೊಸರಾಗೋದು ಬ್ಯಾಕ್ಟೀರಿಯಾದಿಂದ, ನಮ್ಮ ಕರುಳಲ್ಲಿ ಕೋಟಿ ಕೋಟಿ ಇದಾವೆ, ಅವು ನಮಗೆ ಬೇಕಾದವೇ. ರೋಗ ತರೋದು ಅದರಲ್ಲಿ ಕೆಲವು ಮಾತ್ರ, ಅವೂ ಒಂದೊಂದು ಒಂದೊಂದು ದಾರಿ ಹಿಡೀತವೆ. ಕಾಲರಾ ರೋಗಾಣು ರಕ್ತಕ್ಕೇ ಹೋಗಲ್ಲ, ಕರುಳಲ್ಲೇ ಕೂತು ವಿಷ ಬಿಟ್ಟು ಮೈಯ ನೀರೆಲ್ಲಾ ಭೇದಿಯಲ್ಲಿ ಹೋಗೋ ಹಂಗೆ ಮಾಡುತ್ತೆ. ಧನುರ್ವಾಯು ರೋಗಾಣು ಗಾಯದಲ್ಲೇ ಇರುತ್ತೆ, ಅದರ ವಿಷ ನರಕ್ಕೆ ಹತ್ತಿ ಸ್ನಾಯು ಸೆಟ್ಕೊಳ್ಳುತ್ತೆ. ಟೈಫಾಯ್ಡಿಂದು ನೀರು ಊಟದ ಜೊತೆ ಹೊಟ್ಟೆಗೆ ಹೋಗಿ ಕರುಳು ದಾಟಿ ರಕ್ತಕ್ಕೆ ಸೇರುತ್ತೆ. ಲೆಪ್ಟೋಸ್ಪೈರಾದ ದಾರಿ ಇವೆಲ್ಲಕ್ಕಿಂತ ಬೇರೆ, ಇದು ಮುಖ್ಯವಾಗಿ ಚರ್ಮದಲ್ಲಿ ಎಲ್ಲಿ ಸಂದು ಸಿಗುತ್ತೋ ಅಲ್ಲಿಂದ ನುಗ್ಗುತ್ತೆ.

ನೋಡೋಕೆ ಸ್ಕ್ರೂ ತರ ತಿರುಚ್ಕೊಂಡಿರುತ್ತೆ, ತುದಿ ಕೊಕ್ಕೆ ಹಂಗೆ ಬಾಗಿರುತ್ತೆ. ಉದ್ದ 6ರಿಂದ 20 ಮೈಕ್ರಾನ್ (ಒಂದು ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ಇದ್ರೂ ದಪ್ಪ ಬರೀ 0.1 ಮೈಕ್ರಾನ್ ಅಷ್ಟೇ, ಅದಕ್ಕೇ ಲ್ಯಾಬಲ್ಲಿರೋ ಮಾಮೂಲಿ ಮೈಕ್ರೋಸ್ಕೋಪಲ್ಲಿ ಕಾಣಲ್ಲ, ಹಿಂದೆ ಕತ್ತಲೆ ಮಾಡಿ ಪಕ್ಕದಿಂದ ಬೆಳಕು ಬಿಡೋ ಡಾರ್ಕ್ ಫೀಲ್ಡ್ ಮೈಕ್ರೋಸ್ಕೋಪೇ ಬೇಕು. ತನ್ನನ್ನೇ ತಿರುಗಿಸ್ಕೊಂಡು ಕೊರೀತಾ ಹೋಗೋದ್ರಿಂದ ಜೀವಕೋಶಗಳ ನಡುವಿನ ಸಂದಿಯಲ್ಲೇ ನುಸುಳಿ ಸಲೀಸಾಗಿ ರಕ್ತ ಸೇರುತ್ತೆ. ಕಾಮಾಲೆ ಜೊತೆ ಕಿಡ್ನಿ ಕೆಡೋ ಈ ಜ್ವರದ ಬಗ್ಗೆ 1886ರಲ್ಲಿ ಜರ್ಮನಿಯ ಅಡಾಲ್ಫ್ ವೈಲ್ ಅನ್ನೋ ಡಾಕ್ಟ್ರು ಬರೆದ್ರು, ಕಾರಣ ಈ ಬ್ಯಾಕ್ಟೀರಿಯಾ ಅಂತ ಗೊತ್ತಾಗಿದ್ದು 1915ರ ಹೊತ್ತಿಗೆ, ಜಪಾನಲ್ಲಿ ಇನಾಡಾ ಮತ್ತೆ ಇಡೋ ಅನ್ನೋರು ಕಲ್ಲಿದ್ದಲು ಗಣಿ ಕೆಲಸಗಾರರಲ್ಲಿ ಹುಡುಕಿದಾಗ. ಗಣಿಯಾದ್ರೂ ಅಷ್ಟೇ ಗದ್ದೆಯಾದ್ರೂ ಅಷ್ಟೇ, ನೀರು, ಇಲಿ, ಬರಿಗಾಲು ಈ ಮೂರು ಸೇರಿದ್ರೆ ಸಾಕು. 2015ರಲ್ಲಿ ಬಂದ ಅಂದಾಜಿನ ಪ್ರಕಾರ ಜಗತ್ತಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಜನಕ್ಕೆ ಇದು ಬರುತ್ತೆ, ಹತ್ರ ಹತ್ರ 59 ಸಾವಿರ ಜನ ಸಾಯ್ತಾರೆ.

ಇಲಿ, ಹೆಗ್ಗಣದ ಕಿಡ್ನಿಯಲ್ಲಿ ಇದು ಮನೆ ಮಾಡ್ಕೊಂಡಿರುತ್ತೆ, ಇಲಿಗೆ ಏನೂ ಆಗಲ್ಲ, ಓಡಾಡ್ಕೊಂಡೇ ಇರುತ್ತೆ, ಅದರ ಉಚ್ಚೆಯಲ್ಲಿ ತಿಂಗಳಾನುಗಟ್ಟಲೆ ರೋಗಾಣು ಬೀಳ್ತಾ ಇರುತ್ತೆ. ದನ, ಹಂದಿ, ನಾಯಿಯಿಂದಲೂ ಬರುತ್ತೆ, ಹೆಸರು ಇಲಿ ಜ್ವರ ಅಂತ ಇರೋದಕ್ಕೆ ಕೊಟ್ಟಿಗೆ ಕಡೆ ನಿರ್ಲಕ್ಷ್ಯ ಮಾಡ್ಬೇಡಿ. ಉಚ್ಚೆ ಬಿದ್ದ ಜಾಗ ಒಣಗಿದ್ರೆ ರೋಗಾಣು ಬೇಗ ಸಾಯುತ್ತೆ, ಬಿಸಿಲು, ಸೋಪು, ಕ್ಲೋರಿನ್ ಯಾವುದೂ ಇದಕ್ಕೆ ತಡ್ಕೊಳ್ಳೋಕೆ ಆಗಲ್ಲ. ಆದ್ರೆ ಒದ್ದೆ ಮಣ್ಣು, ನಿಂತ ಸಿಹಿನೀರು ಸಿಕ್ಕಿದ್ರೆ ವಾರಗಟ್ಟಲೆ ತಿಂಗಳುಗಟ್ಟಲೆ ಬದುಕುತ್ತೆ. ಈಗ ನಮ್ಮ ಜೂನ್-ಜುಲೈ-ಆಗಸ್ಟ್ ನೆನಪು ಮಾಡ್ಕೊಳ್ಳಿ, ತೀರ್ಥಹಳ್ಳಿ ಹೊಸನಗರ ಕಡೆ ಯಾವ ಜಾಗ ಒಣಗುತ್ತೆ ಹೇಳಿ? ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್ ಮೇಲೆ ಮಳೆ ಬೀಳುತ್ತೆ. ಇಡೀ ಮಳೆಗಾಲ ಮಣ್ಣು ಒದ್ದೆ, ತೋಟದ ಕಾಲುವೆಯಲ್ಲಿ ನೀರು, ದರೆ ಬುಡದಲ್ಲಿ ಇಲಿ ಬಿಲ, ರೋಗಾಣುಗೆ ಇದಕ್ಕಿಂತ ಒಳ್ಳೆ ಜಾಗ ಬೇಕಾ.

ಒಳಗೆ ಹೋಗೋ ಬಾಗಿಲು ಮೂರು. ಒಂದು ಗಾಯ, ಕತ್ತಿ ತಾಗಿದ್ದು, ಮುಳ್ಳು ಗೀರಿದ್ದು, ಉಂಬಳ ಕಚ್ಚಿ ಕೆರ್ಕೊಂಡಿದ್ದು, ಬೆರಳ ಸಂದಿಯ ಕೆಸರು ಹುಣ್ಣು. ಎರಡು ನೀರಲ್ಲಿ ನೆಂದು ಮೆತ್ತಗಾದ ಚರ್ಮ, ದಿನಪೂರ್ತಿ ಕೆಸರಲ್ಲಿ ನಿಂತ್ರೆ ಅಂಗಾಲು ಬೆಳ್ಳಗೆ ಸುಕ್ಕುಗಟ್ಟುತ್ತಲ್ಲ, ಕಣ್ಣಿಗೆ ಗಾಯ ಕಾಣದಿದ್ರೂ ಆ ಚರ್ಮ ಮೊದಲಿನಷ್ಟು ಗಟ್ಟಿ ಇರಲ್ಲ. ಮೂರು ಕಣ್ಣು ಮೂಗು ಬಾಯಿ, ಕೆಸರು ನೀರು ಮುಖಕ್ಕೆ ಸಿಡಿದಾಗ, ಹಳ್ಳದಲ್ಲಿ ಈಜುವಾಗ, ಇಲಿ ಓಡಾಡಿದ ನೀರು ಕುದಿಸದೆ ಕುಡಿದಾಗ.

ಒಳಗೆ ಹೋದ ತಕ್ಷಣ ಜ್ವರ ಬರಲ್ಲ, ಇದು ನಿಧಾನವಾಗಿ ಬೆಳೆಯೋ ಬ್ಯಾಕ್ಟೀರಿಯಾ. ಸಾಮಾನ್ಯವಾಗಿ 5ರಿಂದ 14 ದಿನ, ಕೆಲವರಿಗೆ 2 ದಿನಕ್ಕೇ, ಇನ್ನು ಕೆಲವರಿಗೆ 30 ದಿನದವರೆಗೂ ಹೋಗುತ್ತೆ. ಇಷ್ಟು ದಿನ ನಮ್ಮ ಮೈಯ ಕಾವಲು ಎಂತ ಮಾಡ್ತಿರುತ್ತೆ ಅಂದ್ರೆ, ಅದಕ್ಕೆ ಇದರ ಗುರುತೇ ಸರಿಯಾಗಿ ಸಿಗಲ್ಲ. ಬೇರೆ ಎಷ್ಟೋ ಬ್ಯಾಕ್ಟೀರಿಯಾದ ಹೊರಪದರ ನೋಡಿದ ಕೂಡ್ಲೆ ಮೈ ಎಚ್ಚರ ಆಗುತ್ತೆ, ಲೆಪ್ಟೋಸ್ಪೈರಾದ ಹೊರಪದರ ಸ್ವಲ್ಪ ಬೇರೆ ಥರ, ಮನುಷ್ಯನ ರಕ್ಷಣಾ ಕೋಶ ಅದನ್ನ ಬೇಗ ಹಿಡಿಯಲ್ಲ, ಜೊತೆಗೆ ನಮ್ಮ ರಕ್ತದ್ದೇ ಕೆಲವು ಪ್ರೋಟೀನನ್ನ ಮೈಗೆ ಅಂಟಿಸ್ಕೊಂಡು ತಪ್ಪಿಸ್ಕೊಂಡು ಓಡಾಡುತ್ತೆ. ಹಂಗಾಗಿ ಮೊದಲ ವಾರ ರಕ್ತದ ತುಂಬಾ ಇದೇ ಇರುತ್ತೆ. ಆಮೇಲೆ ಮೈ ಪ್ರತಿಕಾಯ, ಅಂದ್ರೆ ಈ ರೋಗಾಣುವನ್ನೇ ಗುರುತಿಟ್ಟು ಹಿಡಿಯೋ ಪ್ರೋಟೀನ್, ತಯಾರು ಮಾಡ್ಕೊಂಡು ರಕ್ತದಿಂದ ಓಡಿಸುತ್ತೆ, ಅಷ್ಟರಲ್ಲಿ ಅದು ಕಿಡ್ನಿ, ಲಿವರ್, ಶ್ವಾಸಕೋಶ ಸೇರಿರುತ್ತೆ. ಸಣ್ಣ ರಕ್ತನಾಳದ ಗೋಡೆ ಸೋರೋಕೆ ಶುರುವಾಗುತ್ತೆ. ಲಿವರಲ್ಲಿ ಕೋಶಕ್ಕೂ ಕೋಶಕ್ಕೂ ಇರೋ ಬೆಸುಗೆ ಬಿಟ್ಟು ಪಿತ್ತ ರಕ್ತಕ್ಕೆ ಬರುತ್ತೆ, ಕಣ್ಣು ಹಳದಿಯಾಗೋದು ಅದಕ್ಕೇ. ಕಿಡ್ನಿಯ ಸಣ್ಣ ಕೊಳವೆ ಊದ್ಕೊಂಡು ಕೆಲಸ ನಿಲ್ಲಿಸುತ್ತೆ. ಶ್ವಾಸಕೋಶದಲ್ಲಿ ರಕ್ತ ಸೋರಿದ್ರೆ ಕೆಮ್ಮಲ್ಲಿ ರಕ್ತ ಬರುತ್ತೆ, ಅದು ಎಲ್ಲಕ್ಕಿಂತ ಅಪಾಯ. ಎಲ್ರಿಗೂ ಹಿಂಗಾಗುತ್ತೆ ಅಂತಲ್ಲ, ಹೆಚ್ಚಿನವರಿಗೆ ಸಾದಾ ಜ್ವರದ ಥರ ಬಂದು ಹೋಗುತ್ತೆ, ಸುಮಾರು 10 ಜನರಲ್ಲಿ ಒಬ್ರಿಗೆ ಜೋರಾಗುತ್ತೆ. ಆ ಒಬ್ರು ಯಾರು ಅಂತ ಮೊದಲ ದಿನ ಯಾರಿಗೂ ಗೊತ್ತಾಗಲ್ಲ ಅನ್ನೋದೇ ಕಷ್ಟ.

ಈಗ ತಪ್ಪಿಸ್ಕೊಳ್ಳೋದು ಹೆಂಗೆ ಅಂತ. ಬೆಳಿಗ್ಗೆ ಕೆಲಸಕ್ಕೆ ಹೋಗೋ ಮೊದಲು ಕೈಕಾಲು ಒಂದ್ಸಲ ನೋಡ್ಕೊಳ್ಳಿ, ಗೀರು ಗಾಯ ಇದ್ರೆ ನೀರು ಹೋಗದ ಥರದ ಬ್ಯಾಂಡೇಜ್ ಹಾಕಿ ಮುಚ್ಚಿ, ಗಾಯ ದೊಡ್ಡದಿದ್ರೆ ಅವತ್ತು ಕೆಸರಿಗೆ ಇಳಿಯೋದು ಬೇಡ, ಒಣ ಕೆಲಸ ಏನಾದ್ರೂ ಮಾಡಿ. ತೋಟದ ಕಾಲುವೆ ಬಿಡಿಸೋಕೆ, ಗೊಬ್ಬರ ತೆಗೆಯೋಕೆ ಗಂಬೂಟು, ಕೈಗೆ ರಬ್ಬರ್ ಗ್ಲೌಸ್ ಹಾಕ್ಲೇಬೇಕು. ಬೂಟು ಹರಿದಿದ್ರೆ ಅಥವಾ ಮೇಲಿಂದ ನೀರು ಒಳಗೆ ಹೋದ್ರೆ ಅದೇ ನೀರಲ್ಲಿ ಕಾಲು ದಿನವಿಡೀ ನೆನೆಯುತ್ತೆ, ಬಗ್ಗಿಸಿ ನೀರು ಚೆಲ್ಲಿ ಕಾಲು ತೊಳ್ದು ಮತ್ತೆ ಹಾಕ್ಕೊಳ್ಳಿ, ರಾತ್ರಿ ಒಲೆ ಹತ್ರ ತಲೆಕೆಳಗಾಗಿ ಇಟ್ಟು ಒಣಗಿಸಿ. ನೆಟ್ಟಿ ಗದ್ದೆಗೆ ಗಂಬೂಟು ಆಗಲ್ಲ, ಹೂತು ಹೋಗುತ್ತೆ, ಅದು ನನಗೂ ಗೊತ್ತು. ನೆಟ್ಟಿ ಮಾಡೋ ಹೆಂಗಸರು ದಿನಗಟ್ಟಲೆ ಬರಿಗಾಲಲ್ಲಿ ಬರಿಗೈಯಲ್ಲಿ ಅದೇ ನೀರಲ್ಲಿ ಇರ್ತಾರೆ, ಅವ್ರಿಗೆ ಬೂಟು ಹಾಕ್ಕೊಳ್ಳಿ ಅಂತ ಹೇಳಿ ಜವಾಬ್ದಾರಿ ಕಳ್ಕೊಂಡ್ರೆ ಆಗಲ್ಲ. ಕೆಲಸಕ್ಕೆ ಕರೆಸೋ ಮನೆಯವ್ರು ಮಾಡ್ಬೇಕಾದ್ದು ಎಂತದು ಅಂದ್ರೆ, ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ಒಂದು ಬಕೆಟ್ ಒಳ್ಳೆ ನೀರು, ಸೋಪು, ಒಣ ಬಟ್ಟೆ ಗದ್ದೆ ಅಂಚಲ್ಲೇ ಇಡಿ, ಕೈಕಾಲು ಸೋಪಲ್ಲಿ ತೊಳ್ದು ಒರೆಸ್ಕೊಂಡು ಆಮೇಲೆ ಊಟ ಮಾಡ್ಲಿ. ಬೆರಳ ಸಂದಿಯಲ್ಲಿ ಹುಣ್ಣಾದೋರಿಗೆ ಅದು ಮಾಯೋವರೆಗೆ ಬೇರೆ ಕೆಲಸ ಕೊಡಿ, ಕೂಲಿ ಕಡಿಮೆ ಮಾಡ್ಬೇಡಿ, ಇಲ್ಲಾಂದ್ರೆ ಹುಣ್ಣು ಇರೋದನ್ನೇ ಯಾರೂ ಹೇಳಲ್ಲ.

ಸಂಜೆ ಬಚ್ಚಲು ಹಂಡೆಯ ಬಿಸಿನೀರು ಇದ್ದೇ ಇರುತ್ತಲ್ಲ, ಬಂದ ಕೂಡ್ಲೆ ಸೋಪು ಹಚ್ಚಿ ಸ್ನಾನ ಮಾಡಿ. ಒಂದು ಲೋಟ ಕಾಫಿ ಕುಡಿದು ಆಮೇಲೆ ಮಾಡೋಣ ಅಂತ ಕೆಸರು ಕಾಲಲ್ಲೇ ಕೂರ್ಬೇಡಿ. ಉಂಬಳ ಕಚ್ಚಿದ ಜಾಗಕ್ಕೂ ಸೋಪು ನೀರೇ, ಕೆರೆಯೋದು ಬೇಡ.

ಕುಡಿಯೋ ನೀರು ಅಬ್ಬಿಯಿಂದ ಬರ್ಲಿ ಬಾವಿಯಿಂದ ಬರ್ಲಿ, ಮಳೆಗಾಲದಲ್ಲಿ ಕುದಿಸಿಯೇ ಕುಡೀರಿ, ಲೆಪ್ಟೋ ಒಂದೇ ಅಲ್ಲ ಟೈಫಾಯ್ಡೂ ತಪ್ಪುತ್ತೆ. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕೋದಾದ್ರೆ ಲೆಕ್ಕ 1000 ಲೀಟರಿಗೆ ಸುಮಾರು 2.5 ಗ್ರಾಂ, ಪೌಡರ್ ಹೊಸದಾಗಿರ್ಬೇಕು, ಡಬ್ಬಿ ತೆರೆದಿಟ್ಟು ಗಾಳಿ ಆಡಿದ್ರೆ ಅದರ ಶಕ್ತಿ ಹೋಗಿರುತ್ತೆ. ಸ್ವಲ್ಪ ನೀರಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂರೋಕೆ ಬಿಟ್ಟು, ಮೇಲಿನ ತಿಳಿ ಮಾತ್ರ ಕೊಡಪಾನದಲ್ಲಿ ಬಾವಿಗೆ ಇಳಿಸಿ ಆಡಿಸಿ, ಕಮ್ಮಿ ಅಂದ್ರೂ ಒಂದು ಗಂಟೆ ಬಿಟ್ಟು ನೀರು ಸೇದಿ. ಕೆಂಪು ರಾಡಿ ನೀರಿಗೆ ಇಷ್ಟು ಸಾಲಲ್ಲ, ಕ್ಲೋರಿನ್ನೆಲ್ಲ ಕೆಸರೇ ತಿಂದುಬಿಡುತ್ತೆ, ಅಂಥ ನೀರು ಸೋಸಿ ಕುದಿಸೋದೇ ಸರಿ.

ಇಲಿ ಕಮ್ಮಿ ಮಾಡೋಕೆ ಮನೆ ಸುತ್ತ ತೆಂಗಿನ ಮಟ್ಟೆ, ಸೋಗೆ, ಹಳೇ ಮರದ ರಾಶಿ ಗೋಡೆಗೆ ತಾಗಿ ಇಡ್ಬೇಡಿ, ಹಿಂಡಿ ಬೂಸಾ ಮುಚ್ಚಳ ಇರೋ ಡ್ರಮ್ಮಲ್ಲಿಡಿ. ಸತ್ತ ಇಲಿ ಬರಿಗೈಯಲ್ಲಿ ಮುಟ್ಬೇಡಿ. ನಾಯಿಗೆ ವರ್ಷಕ್ಕೊಂದ್ಸಲ ಹಾಕಿಸೋ ವ್ಯಾಕ್ಸಿನಲ್ಲಿ ಲೆಪ್ಟೋನೂ ಸೇರಿದ್ಯಾ ಅಂತ ಪಶು ಡಾಕ್ಟ್ರ ಹತ್ರ ಕೇಳಿ ಹಾಕಿಸಿ. ದನ ಕಂದು ಹಾಕಿದ್ರೆ, ಅಂದ್ರೆ ಗರ್ಭ ಬಿದ್ರೆ, ಅದನ್ನ ಬರಿಗೈಯಲ್ಲಿ ಎತ್ತಬೇಡಿ, ಲೆಪ್ಟೋದಿಂದಲೂ ಹಂಗಾಗುತ್ತೆ, ಬ್ರುಸೆಲ್ಲಾ ಅನ್ನೋ ಇನ್ನೊಂದು ಬ್ಯಾಕ್ಟೀರಿಯಾದಿಂದಲೂ ಆಗುತ್ತೆ, ಎರಡೂ ಮನುಷ್ಯರಿಗೆ ಹತ್ತುತ್ತೆ. ಗ್ಲೌಸ್ ಹಾಕಿ ಆಳವಾಗಿ ಹೂತು ಪಶು ಆಸ್ಪತ್ರೆಗೆ ತಿಳಿಸಿ.

ಮನುಷ್ಯರಿಗೆ ನಮ್ಮಲ್ಲಿ ಇದಕ್ಕೆ ಲಸಿಕೆ ಸಿಗಲ್ಲ. ಆದ್ರೆ ಮುಂಚೆನೇ ತಗೊಳ್ಳೋ ಮಾತ್ರೆ ಇದೆ, ಡಾಕ್ಸಿಸೈಕ್ಲಿನ್ 200 ಎಂಜಿ ವಾರಕ್ಕೆ ಒಂದ್ಸಲ. 1980ರ ದಶಕದಲ್ಲಿ ಪನಾಮಾ ಕಾಡಲ್ಲಿ ತರಬೇತಿಗೆ ಹೋದ ಅಮೆರಿಕದ ಸೈನಿಕರಿಗೆ ಕೊಟ್ಟು ನೋಡಿ ಒಳ್ಳೆ ಫಲ ಕಂಡಿದ್ದು ಇದೇ ಅಳತೆ, 2018ರ ಪ್ರವಾಹ ಆದ್ಮೇಲೆ ಕೇರಳದಲ್ಲೂ ನೀರಿಗಿಳಿದೋರಿಗೆ ಇದನ್ನ ಕೊಟ್ರು. ಇದನ್ನ ಓದಿ ಸೀದಾ ಮೆಡಿಕಲ್ಲಿಗೆ ಹೋಗ್ಬೇಡಿ. ಯಾರಿಗೆ ಬೇಕು, ಎಷ್ಟು ವಾರ ಅಂತ ಪಿಎಚ್‌ಸಿ ಡಾಕ್ಟ್ರು ಹೇಳ್ಬೇಕು, ಬಸುರಿಯರಿಗೆ, 8 ವರ್ಷದ ಒಳಗಿನ ಮಕ್ಕಳಿಗೆ ಸಾಮಾನ್ಯವಾಗಿ ಇದು ಕೊಡಲ್ಲ. ತಗೊಂಡ್ರೆ ಊಟ ಆದ್ಮೇಲೆ ತುಂಬಾ ನೀರಿನ ಜೊತೆ ತಗೊಳ್ಳಿ, ತಗೊಂಡ ಕೂಡ್ಲೆ ಮಲಗ್ಬೇಡಿ, ಅನ್ನನಾಳದಲ್ಲಿ ಅಂಟ್ಕೊಂಡ್ರೆ ಹುಣ್ಣಾಗುತ್ತೆ. ಮಾತ್ರೆ ತಗೊಂಡಿದೀನಿ ಅಂತ ಬೂಟು ಬಿಡೋದೂ ಬೇಡ.

ಇನ್ನು ಜ್ವರ ಬಂತು ಅಂತ ಇಟ್ಕೊಳ್ಳಿ. ಇಲಿ ಜ್ವರ ಸಾಮಾನ್ಯವಾಗಿ ಇದ್ದಕ್ಕಿದ್ದ ಹಂಗೆ ಬರುತ್ತೆ, ಚಳಿ, ತಲೆನೋವು, ವಾಂತಿ. ಎರಡು ವಿಷಯ ಗಮನಿಸಿ. ಮೀನಖಂಡ ಒತ್ತಿ ನೋಡಿ, ನಡೆಯೋಕೇ ಆಗದಷ್ಟು ನೋವು ಇರ್ಬಹುದು, ಮುಟ್ಟಿದ್ರೆ ಕಾಲು ಎಳ್ಕೊಳ್ತಾರೆ, ಸೊಂಟ ಬೆನ್ನೂ ಹಂಗೇ. ಇನ್ನೊಂದು ಕಣ್ಣು, ಕೆಂಪಗಾಗಿರುತ್ತೆ ಆದ್ರೆ ಪಿಸುರು ಇರಲ್ಲ, ಕಣ್ಣುಬೇನೆ ಬಂದಾಗ ರೆಪ್ಪೆ ಅಂಟ್ಕೊಳ್ಳುತ್ತಲ್ಲ ಹಂಗೆ ಆಗಲ್ಲ. ಎಲ್ರಿಗೂ ಎರಡೂ ಇರ್ಬೇಕು ಅಂತಿಲ್ಲ, ಇಲ್ಲ ಅಂತ ಸಮಾಧಾನನೂ ಮಾಡ್ಕೋಬೇಡಿ. ತಿಂಗಳ ಒಳಗೆ ನೀರು ಕೆಸರಿಗೆ ಇಳಿದಿದ್ದು ಹೌದು, ಜ್ವರ ಬಂದಿದ್ದೂ ಹೌದು ಅಂದ್ರೆ ಅಷ್ಟೇ ಸಾಕು, ಮೊದಲ ಎರಡು ದಿನದಲ್ಲೇ ಆಸ್ಪತ್ರೆಗೆ ಹೋಗಿ.

ಹೋದ್ಮೇಲೆ ಡಾಕ್ಟ್ರಿಗೆ ಮೊದಲು ಹೇಳ್ಬೇಕಾದ್ದು ನಿಮ್ಮ ಕೆಲಸ. "ಸರ್, ಜ್ವರ" ಅಂದ್ರೆ ನೂರು ಜ್ವರ ಇದಾವೆ. "ಸರ್, ಹತ್ತು ದಿನದ ಹಿಂದೆ ತೋಟದ ಕಾಲುವೆ ಬಿಡಿಸಿದ್ದೆ, ಕಾಲಲ್ಲಿ ಗಾಯ ಇತ್ತು, ಈಗ ಮೀನಖಂಡ ತುಂಬಾ ನೋವು" ಅಂತ ಹೇಳಿದ್ರೆ ಡಾಕ್ಟ್ರ ಯೋಚನೆ ಸೀದಾ ಇದರ ಕಡೆ ಹೋಗುತ್ತೆ. ಜನ ಇದನ್ನ ಹೇಳಲ್ಲ, ಯಾಕಂದ್ರೆ ದಿನಾ ಮಾಡೋ ಕೆಲಸ ಅಲ್ವಾ, ಅದ್ರಲ್ಲಿ ಹೇಳೋಕೆ ಎಂತ ಇದೆ ಅನ್ಸುತ್ತೆ. ಕಾಡಿಗೆ ಹೋಗಿದ್ರೆ ಅದನ್ನೂ ಹೇಳಿ. ಮಂಗನ ಕಾಯಿಲೆ, 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮೊದಲು ಕಂಡಿದ್ದು, ಅದು ಉಣುಗಿನಿಂದ ಬರೋದು, ಹೆಚ್ಚಾಗಿ ಡಿಸೆಂಬರಿಂದ ಮೇವರೆಗಿನ ಒಣ ಕಾಲದಲ್ಲಿ, ಅದು ವೈರಸ್, ಆಂಟಿಬಯಾಟಿಕ್ ಅದಕ್ಕೆ ಕೆಲಸ ಮಾಡಲ್ಲ. ಸ್ಕ್ರಬ್ ಟೈಫಸ್ ಅಂತ ಇನ್ನೊಂದಿದೆ, ಹುಲ್ಲು ಪೊದೆಯಲ್ಲಿರೋ ಕಣ್ಣಿಗೆ ಕಾಣದಷ್ಟು ಸಣ್ಣ ಹುಳ ಕಚ್ಚಿ ಬರೋದು, ಅದು ಬ್ಯಾಕ್ಟೀರಿಯಾ, ಕಚ್ಚಿದ ಜಾಗದಲ್ಲಿ ನೋವಿಲ್ಲದ ಕಪ್ಪು ಹಕ್ಕಳೆ ಇರ್ಬಹುದು, ಕಂಕುಳು, ತೊಡೆಸಂದು, ಸೊಂಟದಲ್ಲಿ ಹುಡುಕಿ ನೋಡಿ ಡಾಕ್ಟ್ರಿಗೆ ತೋರಿಸಿ, ನಾಚಿಕೆ ಬೇಡ.

ಟೆಸ್ಟ್ ವಿಷಯ ಸ್ವಲ್ಪ ನಿಧಾನಕ್ಕೆ ಓದಿ, ತುಂಬಾ ಜನ ದಾರಿ ತಪ್ಪೋದು ಇಲ್ಲೇ. ನಮ್ಮಲ್ಲಿ ಹೆಚ್ಚಾಗಿ ಮಾಡೋದು ಐಜಿಎಂ ಎಲೈಸಾ, ಅದು ರೋಗಾಣುವನ್ನ ಹುಡುಕಲ್ಲ, ಅದರ ವಿರುದ್ಧ ಮೈ ತಯಾರು ಮಾಡಿದ ಪ್ರತಿಕಾಯ ಹುಡುಕುತ್ತೆ. ಪ್ರತಿಕಾಯ ಟೆಸ್ಟಲ್ಲಿ ಸಿಗೋಷ್ಟು ಆಗೋಕೆ ಜ್ವರ ಶುರುವಾಗಿ 5-7 ದಿನ ಬೇಕು. ಮೂರನೇ ದಿನ ರಕ್ತ ಕೊಟ್ರೆ ಮೈಯಲ್ಲಿ ರೋಗಾಣು ತುಂಬಿದ್ರೂ ರಿಪೋರ್ಟ್ ನೆಗೆಟಿವ್ ಬರ್ಬಹುದು. ಆ ಚೀಟಿ ಹಿಡ್ಕೊಂಡು "ಇಲಿ ಜ್ವರ ಅಲ್ವಂತೆ" ಅಂತ ಖುಷಿಯಾಗಿ ಮನೆಗೆ ಹೋದೋರು ನಾಲ್ಕು ದಿನಕ್ಕೆ ಕಣ್ಣು ಹಳದಿ ಮಾಡ್ಕೊಂಡು ಬಂದಿದ್ದನ್ನ ನೋಡಿದೀನಿ, ಹೊಟ್ಟೆ ಉರಿಯುತ್ತೆ. ಮೊದಲ ವಾರದಲ್ಲಿ ಹಿಡಿಯೋಕೆ ರೋಗಾಣುವಿನ ಡಿಎನ್‌ಎಯನ್ನೇ ಹುಡುಕೋ ಪಿಸಿಆರ್ ಟೆಸ್ಟ್ ಬೇಕು, ಅದು ಎಲ್ಲಾ ಕಡೆ ಆಗಲ್ಲ. ಅದಕ್ಕೇ ಡಾಕ್ಟ್ರು ಅನುಮಾನ ಬಂದ್ರೆ ರಿಪೋರ್ಟ್ ಕಾಯದೆ ಔಷಧಿ ಶುರು ಮಾಡ್ತಾರೆ, "ನೆಗೆಟಿವ್ ಇದ್ರೂ ಯಾಕೆ ಕೊಟ್ರು" ಅಂತ ಜಗಳ ಮಾಡ್ಬೇಡಿ, ಅದೇ ಸರಿಯಾದ ಕ್ರಮ. ವಾರ ಬಿಟ್ಟು ಮತ್ತೆ ರಕ್ತ ಕೊಡಿ ಅಂದ್ರೆ ಕೊಡಿ. ಇನ್ನೊಂದು, ಪ್ಲೇಟ್‌ಲೆಟ್ ಕಮ್ಮಿ ಬಂದ ಕೂಡ್ಲೆ ಡೆಂಗಿ ಅಂತ ತೀರ್ಮಾನ ಮಾಡಿ ಪಪ್ಪಾಯಿ ಎಲೆ ರಸ ಕುಡಿಸ್ತಾ ಕೂರ್ತಾರೆ, ಇಲಿ ಜ್ವರದಲ್ಲೂ ಪ್ಲೇಟ್‌ಲೆಟ್ ಇಳಿಯುತ್ತೆ. ಡೆಂಗಿಯಲ್ಲಿ ಸಾಮಾನ್ಯವಾಗಿ ಬಿಳಿ ರಕ್ತಕಣ ಕಮ್ಮಿಯಾಗುತ್ತೆ, ಇದರಲ್ಲಿ ಹೆಚ್ಚಾಗೋದೇ ಜಾಸ್ತಿ, ಇದೊಂದರ ಮೇಲೆ ನೀವೇ ನಿರ್ಧಾರ ಮಾಡೋಕೆ ಹೋಗ್ಬೇಡಿ, ರಿಪೋರ್ಟ್ ಪೂರ್ತಿ ಡಾಕ್ಟ್ರಿಗೆ ತೋರಿಸಿ.

ಇದು ಬ್ಯಾಕ್ಟೀರಿಯಾ ಆಗಿರೋದ್ರಿಂದ ಔಷಧಿ ಇದೆ, ಹಳೇ ಔಷಧಿ, ದುಬಾರಿನೂ ಅಲ್ಲ. ಜ್ವರ ಸಾಧಾರಣ ಇದ್ರೆ ಡಾಕ್ಸಿಸೈಕ್ಲಿನ್ 100 ಎಂಜಿ ದಿನಕ್ಕೆ ಎರಡು ಸಲ, ಸಾಮಾನ್ಯವಾಗಿ 7 ದಿನ, ಬಸುರಿಯರಿಗೆ ಮಕ್ಕಳಿಗೆ ಬೇರೆ ಬರೀತಾರೆ, ಜೋರಿದ್ರೆ ಅಡ್ಮಿಟ್ ಮಾಡಿ ಪೆನಿಸಿಲಿನ್ ಅಥವಾ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್. ಮೊದಲ ಡೋಸ್ ಆದ ಕೆಲವು ಗಂಟೆಯಲ್ಲಿ ಕೆಲವರಿಗೆ ಜ್ವರ ನಡುಕ ಇನ್ನೂ ಜಾಸ್ತಿಯಾಗುತ್ತೆ, ಸತ್ತ ಬ್ಯಾಕ್ಟೀರಿಯಾದ ಚೂರೆಲ್ಲಾ ರಕ್ತಕ್ಕೆ ಬಿದ್ದು ಮೈ ಅದಕ್ಕೆ ಉರಿದೇಳೋದು ಅದು. ನರ್ಸಿಗೆ ತಿಳಿಸಿ, ಔಷಧಿ ಹೆಚ್ಚುಕಮ್ಮಿ ಆಯ್ತು ಅಂತ ಎದ್ದು ಮನೆಗೆ ಬರ್ಬೇಡಿ. ಎರಡು ದಿನಕ್ಕೆ ಜ್ವರ ಬಿಡ್ತು ಅಂತ ಮಾತ್ರೆ ಅರ್ಧಕ್ಕೆ ನಿಲ್ಲಿಸೋದೂ ಬೇಡ.

ಮಾಡ್ಬಾರದ್ದು ಎರಡನ್ನ ಗಟ್ಟಿಯಾಗಿ ಹೇಳ್ತೀನಿ. ಕಾಲು ನೋವು ತಡೆಯೋಕಾಗಲ್ಲ ಅಂತ ಅಂಗಡಿಯಲ್ಲಿ ನೋವಿನ ಮಾತ್ರೆ, ಡೈಕ್ಲೋಫೆನಾಕ್ ಇಂಜೆಕ್ಷನ್ ತಗೊಳ್ಬೇಡಿ, ರೋಗಾಣು ಕಿಡ್ನಿಗೆ ಹೊಡೀತಿರುವಾಗ ಈ ಮಾತ್ರೆನೂ ಅಲ್ಲೇ ಹೊಡೆಯುತ್ತೆ. ಡಾಕ್ಟ್ರ ಹತ್ರ ಹೋಗೋವರೆಗೆ ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು, ಅದೂ ಅಳತೆ ಮೀರ್ದಂಗೆ. ಎರಡನೇದು, ಕಣ್ಣು ಹಳದಿಯಾಯ್ತು ಅಂದ್ರೆ ನಮ್ಮ ಕಡೆ ಮೊದಲು ನೆನಪಾಗೋದು ಕಾಮಾಲೆಗೆ ಕೊಡೋ ನಾಟಿ ಔಷಧಿ, ಪಥ್ಯ. ಮಾಮೂಲಿ ವೈರಸ್ ಕಾಮಾಲೆಯಲ್ಲಿ ಹೆಚ್ಚಾಗಿ ಕಣ್ಣು ಹಳದಿಯಾಗೋ ಹೊತ್ತಿಗೆ ಜ್ವರ ಇಳಿದಿರುತ್ತೆ, ಇಲಿ ಜ್ವರದಲ್ಲಿ ಹಳದಿಯೂ ಇರುತ್ತೆ ಜ್ವರವೂ ಇರುತ್ತೆ. ಹಳದಿ ಮತ್ತೆ ಜ್ವರ ಒಟ್ಟಿಗೆ ಕಂಡ್ರೆ, ಉಚ್ಚೆ ಕಮ್ಮಿಯಾದ್ರೆ, ಉಸಿರು ಏದುಸಿರಾದ್ರೆ, ಕೆಮ್ಮಿದಾಗ ರಕ್ತ ಬಂದ್ರೆ, ಮಾತು ತೊದಲಿದ್ರೆ ರಾತ್ರಿ ಬೆಳಗಾಗಲಿ ಅಂತ ಕಾಯ್ಬೇಡಿ, 108ಕ್ಕೆ ಫೋನ್ ಮಾಡಿ, ಡಯಾಲಿಸಿಸ್ ಐಸಿಯು ಇರೋ ಕಡೆ ಹೋಗಿ. ಡಯಾಲಿಸಿಸ್ ಅಂದ್ರೆ ಹೆದರ್ಕೋತಾರೆ, ಜೀವನಪೂರ್ತಿ ಮಾಡ್ಬೇಕೇನೋ ಅಂತ. ಈ ರೋಗದಲ್ಲಿ ಹೆಚ್ಚಿನವರಿಗೆ ಕೆಲವು ದಿನ ಮಾತ್ರ ಬೇಕಾಗೋದು, ಬದುಕಿ ಬಂದೋರ ಕಿಡ್ನಿ ಸಾಮಾನ್ಯವಾಗಿ ಮತ್ತೆ ಸರಿಯಾಗುತ್ತೆ.

ಡಿಸ್ಚಾರ್ಜ್ ಆದ್ಮೇಲೆ ಹೇಳಿದ ದಿನಕ್ಕೆ ಹೋಗಿ ಕ್ರಿಯಾಟಿನಿನ್ (ಕಿಡ್ನಿ ಹೆಂಗೆ ಕೆಲಸ ಮಾಡ್ತಿದೆ ಅಂತ ತಿಳಿಸೋ ರಕ್ತದ ಟೆಸ್ಟ್) ಮತ್ತೆ ಮಾಡಿಸಿ, ಕಣ್ಣು ಮಂಜಾದ್ರೆ ಅಥವಾ ನೋವು ಬಂದ್ರೆ ತಿಂಗಳು ಕಳೆದಿದ್ರೂ ಕಣ್ಣಿನ ಡಾಕ್ಟ್ರಿಗೆ ಇಲಿ ಜ್ವರ ಬಂದಿತ್ತು ಅಂತ ಹೇಳಿ ತೋರಿಸಿ. ಒಂದ್ಸಲ ಬಂದು ಹೋದ್ರೆ ಮತ್ತೆ ಬರಲ್ಲ ಅನ್ನೋದು ತಪ್ಪು, ಈ ಬ್ಯಾಕ್ಟೀರಿಯಾದಲ್ಲಿ 250ಕ್ಕೂ ಮೇಲೆ ಬಗೆ ಇದಾವೆ, ಒಂದರ ವಿರುದ್ಧ ಬಂದ ಶಕ್ತಿ ಇನ್ನೊಂದಕ್ಕೆ ಸರಿಯಾಗಿ ಆಗಲ್ಲ. ರೋಗಿಯ ತಟ್ಟೆ ಲೋಟ ಬೇರೆ ಇಡೋದು, ಹತ್ರ ಹೋಗ್ದೆ ಇರೋದು ಬೇಕಿಲ್ಲ, ಮನುಷ್ಯರಿಂದ ಮನುಷ್ಯರಿಗೆ ಇದು ಹರಡೋದು ತೀರಾ ಅಪರೂಪ, ಅವರ ಉಚ್ಚೆ ಬಟ್ಟೆ ತೊಳೆಯೋರು ಮಾತ್ರ ಗ್ಲೌಸ್ ಹಾಕಿ ಸೋಪಲ್ಲಿ ತೊಳೆದ್ರೆ ಆಯ್ತು. ನಿಮ್ಮ ಗಮನ ಇರ್ಬೇಕಾದ್ದು ಅವರ ಜೊತೆ ಅದೇ ಗದ್ದೆ, ಅದೇ ಕಾಲುವೆಗೆ ಇಳಿದೋರ ಮೇಲೆ. ಅವತ್ತೇ ಅವ್ರಿಗೆಲ್ಲ ಫೋನ್ ಮಾಡಿ ಹೇಳಿ, ನೀರಿಗಿಳಿದ ದಿನದಿಂದ 30 ದಿನ ಲೆಕ್ಕ ಇಟ್ಕೊಳ್ಲಿ, ಅಷ್ಟರಲ್ಲಿ ಯಾರಿಗೆ ಮೈ ಬಿಸಿಯಾದ್ರೂ ಮಾತ್ರೆ ನುಂಗಿ ಮಲಗದೆ ಆಸ್ಪತ್ರೆಗೆ ಹೋಗಿ "ನಮ್ಮ ಜೊತೆ ಕೆಲಸ ಮಾಡಿದೋರಿಗೆ ಇಲಿ ಜ್ವರ ಆಗಿದೆ" ಅಂತ ಹೇಳ್ಲಿ.